ಹಳೆಯ ಕಾರಿನ ಮುಂಗಾಜು: ರಬ್ಬರು ಮತ್ತು ಹೊಳಪು ಪಟ್ಟಿಯ ಜೋಡಣೆ

ಹಳೆಯ ಕಾರೊಂದನ್ನು ಮೊದಲಿನಂತೆ ಸಜ್ಜುಗೊಳಿಸುವ ಖರ್ಚಿನ ಪಟ್ಟಿಯಲ್ಲಿ ಮುಂಗಾಜಿನ ಸುತ್ತಲಿನ ರಬ್ಬರು ಸಣ್ಣ ಬಾಬತ್ತು. ಆದರೆ ಅದು ಸರಿಯಾಗಿ ಕೂರದಿದ್ದಲ್ಲಿ ಮಳೆನೀರು ಒಳಗಿಳಿದು ಚೌಕಟ್ಟಿನ ಅಂಚಿಗೂ ನೆಲದ ತಗಡಿಗೂ ತುಕ್ಕು ಹಿಡಿಯುತ್ತದೆ. ಅವಸರದಿಂದ ಒತ್ತಿದಲ್ಲಿ ಗಾಜೇ ಸೀಳುತ್ತದೆ. ಆಗ ತಕರಾರು ಬರುವುದು ರಬ್ಬರು ಮಾರಿದ ಅಂಗಡಿಗೆ, ಅಲ್ಲಿಂದ ತಯಾರಕರಿಗೆ. ಆದುದರಿಂದ ಈ ಸರಕಿನಲ್ಲಿ ವ್ಯವಹರಿಸುವವರು ಜೋಡಣೆಯ ಕ್ರಮವನ್ನೂ ಅರಿತಿರುವುದು ಅವಶ್ಯ.

ಫೋಕ್ಸ್‌ವ್ಯಾಗನ್ ಬೀಟಲ್ ಇದಕ್ಕೆ ಉತ್ತಮ ನಿದರ್ಶನ. 2003ರ ಜುಲೈನಲ್ಲಿ ಮೆಕ್ಸಿಕೋದಲ್ಲಿ ಇದರ ತಯಾರಿಕೆ ನಿಂತಾಗ 2.1 ಕೋಟಿಗೂ ಮಿಗಿಲಾದ ಕಾರುಗಳು ಹೊರಬಂದಿದ್ದವು. ಹೊರನೋಟಕ್ಕೆ ಒಂದೇ ಎನಿಸಿದರೂ ಅವುಗಳ ಗಾಜು ಒಂದೇ ಅಲ್ಲ. 1958ರ ಮಾದರಿಯಲ್ಲಿ ಮುಂಗಾಜು ದೊಡ್ಡದಾಯಿತು. 1965ರ ಮಾದರಿಯಲ್ಲಿ ಮತ್ತಷ್ಟು ಬೆಳೆದು ತುಸು ಬಾಗಿತು. 1973ರ ಮಾದರಿಯಾಗಿ ಬಂದ 1303ರಲ್ಲಿ ಬಾಗು ಎದ್ದು ಕಾಣುವಷ್ಟಾಯಿತು. ಸಾಲದ್ದಕ್ಕೆ ಹೊಳಪು ಪಟ್ಟಿಯುಳ್ಳ ಕಾರಿನ ರಬ್ಬರು ಬೇರೆ, ಪಟ್ಟಿಯಿಲ್ಲದ ಸಾದಾ ಕಾರಿನ ರಬ್ಬರು ಬೇರೆ. ಕೇವಲ 'ಬೀಟಲ್ ರಬ್ಬರು' ಎಂದು ಬರೆದ ಆರ್ಡರನ್ನು ಸ್ವೀಕರಿಸುವುದು ವಾಪಸು ಸರಕನ್ನು ತಾನಾಗಿ ಆಹ್ವಾನಿಸಿದಂತೆ.

ಪಟ್ಟಿಯುಳ್ಳ ರಬ್ಬರಿನಲ್ಲಿ ಮೂರು ಗಾಡಿಗಳಿರುತ್ತವೆ: ಒಂದು ಗಾಜಿಗೆ, ಒಂದು ಚೌಕಟ್ಟಿನ ತಗಡಿನ ಅಂಚಿಗೆ, ಮುಂಭಾಗದ ಸೀಳು ಅಲ್ಯೂಮಿನಿಯಂ ಪಟ್ಟಿಗೆ. ಮೊದಲು ಚೌಕಟ್ಟಿನ ತುಕ್ಕನ್ನು ತೆಗೆದು ಬಣ್ಣ ಹಚ್ಚಿ ಒಣಗಿಸಬೇಕು. ಬಳಿಕ ಗಾಜನ್ನು ಕಂಬಳಿಯ ಮೇಲಿರಿಸಿ ರಬ್ಬರನ್ನು ಸುತ್ತಲೂ ತೊಡಿಸಬೇಕು. ಪಟ್ಟಿಯನ್ನು ಸೇರಿಸಬೇಕಾದುದು ಈ ಹಂತದಲ್ಲಿಯೇ. ಗಾಜು ಕಾರಿನಲ್ಲಿ ಕುಳಿತ ಮೇಲೆ ರಬ್ಬರು ಬಿಗಿದುಕೊಳ್ಳುವುದರಿಂದ ಸೀಳು ತೆರೆಯಲೊಲ್ಲದು. ಬಲವಂತ ಮಾಡಿದರೆ ತೆಳುವಾದ ಪಟ್ಟಿ ಮೂಲೆಯಲ್ಲಿ ನೆಗ್ಗುತ್ತದೆ, ನೆಗ್ಗಿದ್ದು ಮತ್ತೆ ನೇರವಾಗುವುದು ದುರ್ಲಭ. ಅನಂತರ ಹೊರಗಾಡಿಯಲ್ಲಿ ಗಟ್ಟಿ ದಾರವನ್ನು ಸುತ್ತಲೂ ಕೂರಿಸಿ, ಎರಡು ತುದಿಗಳನ್ನು ಕೆಳಗಿನ ನಡುಭಾಗದಲ್ಲಿ ಒಂದರ ಮೇಲೊಂದು ಹಾಯಿಸಿ ಕಾರಿನ ಒಳಗೆ ಬಿಡಬೇಕು. ಹೊರಗಿನವರು ಅಂಗೈಯಿಂದ ಒತ್ತುತ್ತಿರಲು ಒಳಗಿನವರು ದಾರವನ್ನು ನಿಧಾನವಾಗಿ ಎಳೆದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಬರುತ್ತದೆ. ಇದು ಇಬ್ಬರ ಕೆಲಸ. ಒಬ್ಬರ ಕೂಲಿ ಉಳಿಸಲು ಹೋಗಿ ಗಾಜಿನ ಬೆಲೆ ತೆತ್ತರೆ ಲೆಕ್ಕ ತಾಳೆಯಾಗದು.

ಬ್ರಿಟಿಷ್ ಮಿನಿ ಕಾರಿನಲ್ಲಿ ಕ್ರಮ ತಲೆಕೆಳಗು. ಅಲ್ಲಿ ಗಾಜು ಕುಳಿತ ಮೇಲೆ ಕೊನೆಯಲ್ಲಿ ಸೇರುವ ಪಟ್ಟಿಯೇ ರಬ್ಬರನ್ನು ಹಿಗ್ಗಿಸಿ ಬಿಗಿ ಮಾಡುತ್ತದೆ; ಅದಕ್ಕಾಗಿ ಕುಣಿಕೆಯಂಥ ಪ್ರತ್ಯೇಕ ಉಪಕರಣವೇ ಇದೆ. ಒಂದು ಕಾರಿನ ಅನುಭವವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದು.

ಜಾರಿಕೆಗೆ ಸಾಬೂನಿನ ನೀರು ಸಾಕು. ಗ್ರೀಸು, ಎಂಜಿನ್ ಆಯಿಲ್ ಸಲ್ಲದು. ಇಂಥ ರಬ್ಬರಿಗೆ ಬಳಕೆಯಲ್ಲಿರುವ ಇಪಿಡಿಎಂ ಬಿಸಿಲು, ಓಝೋನುಗಳನ್ನು ಚೆನ್ನಾಗಿ ತಾಳುತ್ತದೆಯಾದರೂ ಖನಿಜ ತೈಲ ತಾಗಿದರೆ ಉಬ್ಬುತ್ತದೆ. ನೈಸರ್ಗಿಕ ರಬ್ಬರಿನ ಸೀಲಾದರೆ ರಕ್ಷಕ ರಾಸಾಯನಿಕ ಬೆರೆಸದಿದ್ದಲ್ಲಿ ಹಿಗ್ಗಿದ ಮೂಲೆಗಳಲ್ಲಿಯೇ ಮೊದಲು ಬಿರುಕು ಬಿಡುತ್ತದೆ. ಮೂಲೆಗಳನ್ನು ಅಚ್ಚಿನಲ್ಲಿ ಎರೆದು ಬೆಸೆದ ರಬ್ಬರು ದುಬಾರಿ ನಿಜ. ನೇರ ಪ್ರೊಫೈಲನ್ನು ಬಗ್ಗಿಸಿದಾಗ ಬೀಳುವ ಸುಕ್ಕು ಅದರಲ್ಲಿ ಇರದು, ನೀರು ನುಗ್ಗುವುದೂ ಬಹುಮಟ್ಟಿಗೆ ಅಂಥ ಸುಕ್ಕಿನಿಂದಲೇ. ಅಚ್ಚಿನ ವೆಚ್ಚವನ್ನು ಎಷ್ಟು ನಗಗಳ ಮೇಲೆ ಹಂಚಬೇಕೆಂಬುದನ್ನು ತಯಾರಕರು ಬೆಲೆ ಹೇಳುವ ಮುನ್ನವೇ ನಿರ್ಧರಿಸಬೇಕು.

ಬಿಲ್ಲಿನ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಕಾರಿಗೆ ಹೋಗುವ ಸರಕೆಂಬ ಒಂದೇ ಕಾರಣದಿಂದ ರಬ್ಬರು ಸೀಲನ್ನು ವಾಹನದ ಬಿಡಿಭಾಗಗಳ 8708ರಲ್ಲಿ ತೋರಿಸುವಂತಿಲ್ಲ. ಸುಂಕಪಟ್ಟಿಯ 17ನೆಯ ವಿಭಾಗದ 2ನೆಯ ಟಿಪ್ಪಣಿ ವಲ್ಕನೀಕರಿಸಿದ ಮೆದು ರಬ್ಬರಿನ ಇಂಥ ವಸ್ತುಗಳನ್ನು ಆ ವಿಭಾಗದಿಂದ ಹೊರಗಿಟ್ಟಿದೆ. ಸಿದ್ಧ ಸೀಲಿನ ಸ್ಥಾನ 4016. ಸುರುಳಿಯಲ್ಲಿ ಉದ್ದಳತೆಗೆ ಮಾರುವ ಪ್ರೊಫೈಲಿನ ಸ್ಥಾನ 4008. ಲೋಹದ ಪಟ್ಟಿ ಬೇರೆಯೇ ಸರಕಾದುದರಿಂದ, ಜೊತೆಗೆ ಮಾರಿದರೂ ಬಿಲ್ಲಿನಲ್ಲಿ ಅದನ್ನು ಪ್ರತ್ಯೇಕ ಸಾಲಿನಲ್ಲಿ ನಮೂದಿಸುವುದು ಲೇಸು.