ಸಬ್ಬಸಿಗೆ ಸೊಪ್ಪು: ರುಚಿ ಹೇಳೋಣ, ಮದ್ದು ಎನ್ನುವುದು ಬೇಡ



ನಮ್ಮ ಸಬ್ಬಸಿಗೆ ಸೊಪ್ಪಿಗೆ ಹೈದರಾಬಾದಿನಲ್ಲಿ ಸೋಯಕೂರ ಎನ್ನುತ್ತಾರೆ. ಹಿಂದಿ, ಉರ್ದು ಆಡುವವರಿಗೆ ಅದು ಸೋಯಾ ಭಾಜಿ. ಅಡುಗೆಯ ಹೊಸ ಹುಡುಗರಿಗೆ ಬರೀ "ಸೋಯಾ" ಎಂದು ಚೀಟಿ ಕೊಟ್ಟರೆ ಸೋಯಾಬೀನ್ ತಂದಾರು, ಜೋಕೆ!

100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 85 ಮಿ.ಗ್ರಾಂ ಸಿ ಜೀವಸತ್ವ, 200 ಮಿ.ಗ್ರಾಂ ಸುಣ್ಣಾಂಶ, 6 ಮಿ.ಗ್ರಾಂ ಕಬ್ಬಿಣಾಂಶ ಇರುತ್ತದೆ. ಆದರೆ ಒಂದು ಅಕ್ಕಿ ರೊಟ್ಟಿಗೆ ಬೀಳುವುದು ಹತ್ತಿಪ್ಪತ್ತು ಗ್ರಾಂ ಮಾತ್ರ. ಕಾವಿಗೆ ಸಿ ಜೀವಸತ್ವ ಕಡಿಮೆಯಾಗುತ್ತದೆ. ಆದ್ದರಿಂದ ಕೋಸಂಬರಿಗೆ ಹಸಿಯಾಗಿ ಹಾಕಿ, ಪಲ್ಯಕ್ಕೆ ಕೊನೆಯಲ್ಲಿ ಸೇರಿಸಿ. ಮಣ್ಣು ಹೋಗುವವರೆಗೆ ಎರಡು ಮೂರು ನೀರಿನಲ್ಲಿ ತೊಳೆಯಿರಿ.

ಬಾಣಂತಿಗೆ ಹಾಲು ಹೆಚ್ಚಲಿ ಎಂದು ಸಬ್ಬಸಿಗೆ ಕೊಡುವುದು ನಮ್ಮ ಮನೆಗಳ ಪದ್ಧತಿ. ಮಕ್ಕಳ ಗ್ರೈಪ್ ವಾಟರಿಗೂ ಇದರ ಎಣ್ಣೆ ಹಾಕುತ್ತಾರೆ. ಈ ಭರವಸೆಯಲ್ಲೇ ನಾವು ಒಮ್ಮೆ ಎಡವಿದೆವು. "ಸಬ್ಬಸಿಗೆ ವಡೆ, ಸಕ್ಕರೆ ಕಾಯಿಲೆಗೆ ಮದ್ದು" ಎಂದು ಬೋರ್ಡ್ ಬರೆಸಿದೆವು. ದಿನವೂ ಬರುವ ಹಿರಿಯರೊಬ್ಬರು ಅದನ್ನು ನಂಬಿ ಮಾತ್ರೆ ಬಿಟ್ಟು, ತಲೆಸುತ್ತಿ ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಚೇತರಿಸಿಕೊಂಡರು. ಅಂದೇ ಬೋರ್ಡ್ ಇಳಿಸಿದೆವು.

2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ದಂಡಕ್ಕಿಂತ ದೊಡ್ಡದು ಗಿರಾಕಿಯ ನಂಬಿಕೆ.

ಈಗ ನಮ್ಮ ಬೋರ್ಡಿನಲ್ಲಿ ಇಷ್ಟೇ ಇದೆ: "ಬಿಸಿ ಬಿಸಿ ಸಬ್ಬಸಿಗೆ ವಡೆ." ವ್ಯಾಪಾರವೇನೂ ಕಡಿಮೆಯಾಗಿಲ್ಲ.