ಮಧ್ಯಾಹ್ನ ಮನೆಯಲ್ಲಿರುವವರು ಮನೆ ನೋಡಲಿ

ಬೆಂಗಳೂರಿನ ವಿಜಯನಗರ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ಸಂತೆಯೇ ಎದುರಾಗುತ್ತದೆ. ಹೂವು, ಸೊಪ್ಪು, ಸೀಸನ್ನಿನ ಮಾವು, ಮಕ್ಕಳ ಬಟ್ಟೆ. ತಲೆ ಎತ್ತಿದರೆ ಕಂಬಗಳ ಮೇಲೆ ಅಂಟಿಸಿದ ಚೀಟಿಗಳು: ಪಿ.ಜಿ.ಯಲ್ಲಿ ಜಾಗವಿದೆ, ಕೆಎಎಸ್ ಮತ್ತು ಪಿಎಸ್‌ಐ ಕೋಚಿಂಗ್ ಇದೆ, ಡಬಲ್ ಬೆಡ್‌ರೂಂ ಮನೆ ಬಾಡಿಗೆಗೆ ಇದೆ, ಫ್ಯಾಮಿಲಿಗೆ ಮಾತ್ರ. ಈ ಕೊನೆಯ ಬಗೆಯ ಚೀಟಿ ಹುಡುಕಿಕೊಂಡು ಬಂದಿದ್ದ ಹುಬ್ಬಳ್ಳಿಯ ಒಂದು ಕುಟುಂಬದ ಜೊತೆ ಏಪ್ರಿಲ್‌ನ ಒಂದು ಶನಿವಾರ ಈ ಬೀದಿಗಳಲ್ಲಿ ಅಡ್ಡಾಡಿದೆ. ಗಂಡ, ಹೆಂಡತಿ, ಐದನೇ ತರಗತಿಗೆ ಸೇರಬೇಕಾದ ಮಗಳು, ಮೊಣಕಾಲು ನೋವಿನ ಅಜ್ಜಿ. ಯಜಮಾನರಿಗೆ ವಿಧಾನಸೌಧದ ಹತ್ತಿರದ ಕಚೇರಿಗೆ ವರ್ಗವಾಗಿದೆ. ಶಾಲೆ ತೆರೆಯುವುದರೊಳಗೆ ಮನೆ ಆಗಬೇಕು.

ವಿಜಯನಗರವೇ ಯಾಕೆ ಎಂದು ಅವರನ್ನು ಕೇಳಬೇಕಾಗಿರಲಿಲ್ಲ. ನೇರಳೆ ಮಾರ್ಗದ ಈ ಭಾಗ ಶುರುವಾದದ್ದು 2015ರ ನವೆಂಬರ್‌ನಲ್ಲಿ. 2023ರ ಅಕ್ಟೋಬರ್‌ನಿಂದ ಅದೇ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಓಟ. ಇಲ್ಲಿಂದ ವಿಧಾನಸೌಧಕ್ಕೆ ರೈಲು ಬದಲಿಸುವ ಗೋಜಿಲ್ಲ. ಹುಬ್ಬಳ್ಳಿ ರೈಲು ಹಿಡಿಯಲು ಸಂಗೊಳ್ಳಿ ರಾಯಣ್ಣ ನಿಲ್ದಾಣವೂ ಮೂರನೇ ಸ್ಟಾಪ್. ಹಬ್ಬಕ್ಕೆ ಊರಿಗೆ ಹೋಗುವವರಿಗೆ ಇದು ಸಣ್ಣ ಅನುಕೂಲವಲ್ಲ.

ಮೊದಲು ನೋಡಿದ ಮನೆ ನಿಲ್ದಾಣದಿಂದ ಕೂಗಳತೆಯಲ್ಲಿ, ಮೂರನೇ ಮಹಡಿಯಲ್ಲಿ. ಕೆಳಗಿನ ಎರಡೂ ಮಹಡಿ ಪಿ.ಜಿ. ಆಗಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ರಾಜ್ಯದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಬರುವ ಬಡಾವಣೆ ಇದು. ಒಂದು ಕೋಣೆಯಲ್ಲಿ ಮೂರು ಮಂಚ ಹಾಕಿದರೆ ಮಾಲೀಕರಿಗೆ ಸಂಸಾರಸ್ಥರ ಬಾಡಿಗೆಗಿಂತ ಹೆಚ್ಚು ಗಿಟ್ಟುತ್ತದೆ. ಹೀಗಾಗಿ ಮೆಟ್ರೊ ಸುತ್ತಲಿನ ಬೀದಿಗಳಲ್ಲಿ ಕುಟುಂಬಗಳಿಗೆ ಸಿಗುವ ಮನೆಗಳು ಕಡಿಮೆಯಾಗುತ್ತ ಬಂದಿವೆ, ಸಿಕ್ಕರೂ ಮೇಲಿನ ಮಹಡಿಯಲ್ಲಿ ಸಿಗುತ್ತವೆ. ಆ ಮಕ್ಕಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ಅವರ ದೆಸೆಯಿಂದ ಇಲ್ಲಿ ಖಾನಾವಳಿಗಳಿವೆ, ಜೋಳದ ರೊಟ್ಟಿ ಸಿಗುತ್ತದೆ, ಹುಬ್ಬಳ್ಳಿಯವರಿಗೆ ಊರಿನ ಮಾತು ಕಿವಿಗೆ ಬೀಳುತ್ತದೆ. ಆದರೆ ಅಜ್ಜಿ ಎರಡನೇ ಮಹಡಿಗೇ ನಿಂತು ಗೋಡೆ ಹಿಡಿದರು. ಲಿಫ್ಟ್ ಇಲ್ಲ. ಮಗ ‘ಆಫೀಸಿಗೆ ಭಾಳ ಸಮೀಪ ಆಗ್ತದ’ ಎಂದು ಅರ್ಧ ಮನಸ್ಸಿನಲ್ಲಿ ಹೇಳುತ್ತಿದ್ದಾಗ ಹೆಂಡತಿ ಹಿಂದಿನ ಕೋಣೆಯ ಕಿಟಕಿ ತೆರೆದರು. ಕೈ ಚಾಚಿದರೆ ಪಕ್ಕದ ಮನೆಯ ಗೋಡೆ ಸಿಗುತ್ತಿತ್ತು. 20x30ರ ಸೈಟಿನಲ್ಲಿ ಜಾಗ ಬಿಡದೆ ಕಟ್ಟಿದರೆ ಹೀಗೇ ಆಗುವುದು. ಮಟಮಟ ಮಧ್ಯಾಹ್ನವೂ ಆ ಕೋಣೆಗೆ ಲೈಟ್ ಹಾಕಬೇಕು.

ನನಗೆ ಹೇಳಬೇಕೆನಿಸುವುದು ಇದೇ ವಿಷಯ. ಬಾಡಿಗೆ ಮನೆಯನ್ನು ದುಡಿಯುವವರು ಹುಡುಕುತ್ತಾರೆ, ಅದೂ ಕೆಲಸ ಮುಗಿಸಿಕೊಂಡು, ಸಂಜೆ ಲೈಟ್ ಬೆಳಕಿನಲ್ಲಿ. ಅವರು ಅಳೆಯುವುದು ಕಚೇರಿಯ ದೂರವನ್ನು. ಆದರೆ ಮನೆಯಲ್ಲಿ ಅತಿ ಹೆಚ್ಚು ಹೊತ್ತು ಇರುವವರು ಬೇರೆ: ಮುದುಕರು, ಮಕ್ಕಳು, ಮನೆವಾರ್ತೆ ನೋಡುವವರು. ಮಧ್ಯಾಹ್ನ ಮೂರು ಗಂಟೆಗೆ ಆ ಮನೆಯಲ್ಲಿ ಇರಬೇಕಾದವರು ಮಧ್ಯಾಹ್ನ ಮೂರು ಗಂಟೆಗೇ ಬಂದು ನೋಡಬೇಕು. ಅವರು ಬೇಡವೆಂದರೆ ಮೆಟ್ರೊ ಎಷ್ಟೇ ಹತ್ತಿರವಿದ್ದರೂ ಬೇಡ.

ಎರಡನೆಯದು ಚಂದ್ರಾ ಲೇಔಟ್ ದಾಟಿ ನಾಗರಭಾವಿ ಕಡೆಗೆ, ಲಿಫ್ಟ್ ಇರುವ ಅಪಾರ್ಟ್‌ಮೆಂಟ್. ಹೊಸ ಟೈಲ್ಸ್, ಒಳ್ಳೆಯ ಗಾಳಿ, ಮಕ್ಕಳಿಗೆ ಜಾರುಬಂಡೆ, ಗೇಟಿನಲ್ಲಿ ಸೆಕ್ಯೂರಿಟಿ. ಮಗಳು ಆಗಲೇ ತನ್ನ ಕೋಣೆ ಯಾವುದೆಂದು ತೀರ್ಮಾನಿಸಿಬಿಟ್ಟಳು. ತಾಯಿ ನೇರ ಬಚ್ಚಲಿಗೆ ಹೋಗಿ ನಲ್ಲಿಯನ್ನು ಉಗುರಿನಿಂದ ಕೆರೆದರು. ಬಿಳಿ ಪುಡಿ ಉದುರಿತು. ಷವರಿನ ತೂತುಗಳಲ್ಲೂ ಅದೇ ಬಿಳಿ ಪೊರೆ. ಬೋರ್‌ವೆಲ್ಲಿನ ಗಡಸು ನೀರು ಬಿಟ್ಟುಹೋದ ಗುರುತು ಅದು. ಬೇಸಿಗೆಯಲ್ಲಿ ಬೋರ್ ಕೈಕೊಟ್ಟರೆ ಟ್ಯಾಂಕರ್ ಎಂದು ಕಾವಲುಗಾರರೇ ಹೇಳಿದರು. 2024ರ ಮಾರ್ಚ್‌ನಲ್ಲಿ ಈ ನಗರ ನೀರಿಗೆ ಪಟ್ಟ ಪಾಡು ಇನ್ನೂ ಯಾರೂ ಮರೆತಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ ಚಾಲೂ ಆಯಿತು. ಆದರೂ ಮುಖ್ಯ ಕೊಳವೆಯಲ್ಲಿ ನೀರು ಹರಿಯುವುದಕ್ಕೂ ನೀವು ಹಿಡಿಯಲಿರುವ ಮನೆಯ ಸಂಪಿಗೆ ಬರುವುದಕ್ಕೂ ನಡುವೆ ಸಂಪರ್ಕ ಪಡೆಯುವ ಕೆಲಸವೊಂದಿದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬಡಾವಣೆಗೆ ಕಾವೇರಿ ಇದೆಯೇ ಎಂದಲ್ಲ, ಈ ಕಟ್ಟಡಕ್ಕೆ ಇದೆಯೇ, ಅಡುಗೆಮನೆಯ ಯಾವ ನಲ್ಲಿಯಲ್ಲಿ ಬರುತ್ತದೆ ಎಂದು. ಇಲ್ಲಿ ಮೇಂಟೆನೆನ್ಸ್ ಬೇರೆ, ಟ್ಯಾಂಕರ್ ಪಾಲು ಬೇರೆ. ಚೀಟಿಯಲ್ಲಿದ್ದ ಬಾಡಿಗೆಗೆ ಇವೆರಡೂ ಕೂಡಿದಾಗ ಯಜಮಾನರು ಫೋನಿನಲ್ಲಿ ಲೆಕ್ಕ ಹಾಕಿ ಸುಮ್ಮನಾದರು.

ನಡುವೆ ಭೋಗ್ಯದ ಮನೆಯೊಂದನ್ನೂ ದಲ್ಲಾಳಿ ತೋರಿಸಿದರು. ದೊಡ್ಡ ಮೊತ್ತ ಒಮ್ಮೆಗೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಂತು ಕಟ್ಟದಿದ್ದರೆ ಬೀದಿಗೆ ಬರುವವರು ಭೋಗ್ಯದವರು. ಋಣಭಾರ ಪತ್ರ ನೋಡದೆ, ವಕೀಲರನ್ನು ಕೇಳದೆ ಆ ಕಡೆ ಹೆಜ್ಜೆ ಇಡಬಾರದು.

ಮೂರನೆಯದು ಹಂಪಿನಗರದಲ್ಲಿ, ಕೇಂದ್ರ ಗ್ರಂಥಾಲಯದಿಂದ ಸ್ವಲ್ಪ ಒಳಗೆ. ಹಳೆಯ ಮನೆ, ಮಾಲೀಕರು ಕೆಳಗೆ, ಬಾಡಿಗೆಗಿರುವುದು ಮೊದಲ ಮಹಡಿ. ಮೆಟ್ಟಿಲು ಅಗಲವಾಗಿವೆ, ಹಿಡಿದುಕೊಳ್ಳಲು ಕಂಬಿ ಇದೆ. ಅಜ್ಜಿ ಹತ್ತಿ ಬಂದು ಉಸಿರು ತೆಗೆದುಕೊಂಡು ಮೊದಲು ಕೇಳಿದ್ದು, ‘ನೀರ ದಿನಾ ಬರ್ತಾವೇನ್ರಿ?’ ವಾರಗಟ್ಟಲೆ ನಲ್ಲಿ ಕಾದ ಊರಿನವರ ಪ್ರಶ್ನೆ.

‘ದಿನ ಬಿಟ್ಟು ದಿನ ಬರತ್ತೆ ಅಮ್ಮ. ಸಂಪ್ ದೊಡ್ಡದಿದೆ, ತೊಂದ್ರೆ ಆಗಲ್ಲ. ಅಡುಗೆಮನೇಲಿ ಎಡಗಡೆ ನಲ್ಲಿ ಕಾವೇರಿ, ಬಲಗಡೆದು ಬೋರು’ ಎಂದರು ಮನೆಯಾಕೆ. ಎರಡನ್ನೂ ತಿರುಗಿಸಿ ತೋರಿಸಿದರು ಕೂಡ. ಅಡುಗೆಮನೆ ಚಿಕ್ಕದು, ವಾರ್ಡ್‌ರೋಬ್ ಒಂದೇ, ಕಾರಿಗೆ ಜಾಗವಿಲ್ಲ. ಆದರೆ ಹಾಲ್‌ಗೆ ಎರಡು ಕಡೆ ಕಿಟಕಿ. ಬೀದಿಯಲ್ಲಿ ತರಕಾರಿ ಗಾಡಿ ನಿಂತಿತ್ತು, ನೆರಳಿತ್ತು. ಅಜ್ಜಿಯನ್ನು ಕರೆದುಕೊಂಡು ಶಾಲೆಯವರೆಗೆ ನಡೆದು ನೋಡಿದೆವು. ದೊಡ್ಡ ರಸ್ತೆ ದಾಟುವುದು ಒಂದೇ ಕಡೆ, ಅಲ್ಲಿ ಸಿಗ್ನಲ್ ಇದೆ. ಈ ನಡಿಗೆಯನ್ನು ಮನೆ ನೋಡುವಷ್ಟೇ ಶ್ರದ್ಧೆಯಿಂದ ಮಾಡಬೇಕು. ಮೆಟ್ರೊ ಸ್ವಲ್ಪ ದೂರವಾಯಿತು ನಿಜ, ಆದರೆ ಅಷ್ಟು ನಡೆಯಬಲ್ಲವರು ಮನೆಯಲ್ಲಿ ಯಜಮಾನರೊಬ್ಬರೇ, ನಡೆಯಬೇಕಾದವರೂ ಅವರೇ.

ಬಾಡಿಗೆ 24 ಸಾವಿರ, ಅಡ್ವಾನ್ಸ್ 2 ಲಕ್ಷ ಎಂದರು ಮಾಲೀಕರು. ಹುಬ್ಬಳ್ಳಿಯಿಂದ ಬಂದವರಿಗೆ ಎದೆ ಧಸಕ್ಕೆನ್ನುವ ಮೊತ್ತ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದೆ. ಆದರೆ ರಾಜ್ಯ ತನ್ನ ಕಾನೂನಾಗಿ ತಂದುಕೊಂಡರಷ್ಟೇ ಅದಕ್ಕೆ ಬಲ. ಅಲ್ಲಿಯವರೆಗೆ ಬಾಯಿಮಾತಿನ ಚೌಕಾಸಿಯೇ ಗತಿ, ಮತ್ತು ಚೌಕಾಸಿಗೆ ನಾಚಬೇಕಾಗಿಲ್ಲ. ಇವರು ಒಂದೂವರೆ ಲಕ್ಷಕ್ಕೆ ಇಳಿಸಿಕೊಂಡರು.

ಕರಾರು ಪತ್ರ 11 ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯವಾದ್ದರಿಂದ ಎಲ್ಲರೂ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ನೋಡಬೇಕಾದ ಸಾಲುಗಳು ಒಳಗಿವೆ: ನವೀಕರಿಸುವಾಗ ಬಾಡಿಗೆ ಶೇಕಡ ಎಷ್ಟು ಏರುತ್ತದೆ, ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಎಷ್ಟು ಹಿಡಿಯುತ್ತಾರೆ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್. ಈ ಕೊನೆಯದು ಹಲವು ಕರಾರುಗಳಲ್ಲಿ ಇರುವುದೇ ಇಲ್ಲ. ನಾವು ಪೆನ್ನಿನಲ್ಲಿ ಬರೆಸಿದೆವು, ಮಾಲೀಕರು ಪಕ್ಕದಲ್ಲಿ ಸಹಿ ಹಾಕಿದರು. ಗೃಹಜ್ಯೋತಿ ಹಿಂದಿನ ಬಾಡಿಗೆದಾರರ ಆಧಾರ್‌ಗೆ ಜೋಡಣೆಯಾಗಿದ್ದರೆ ಅದನ್ನು ತೆಗೆಸಿ ಹೊಸದಾಗಿ ಅರ್ಜಿ ಹಾಕಬೇಕು. ಅದಕ್ಕೆ ಕರೆಂಟ್ ಬಿಲ್ಲಿನ ಖಾತೆ ಸಂಖ್ಯೆಯನ್ನು ಮೀಟರಿನ ಜೊತೆ ತಾಳೆ ನೋಡಿ ಬರೆದುಕೊಂಡರು.

ಟೋಕನ್ ಮಾತ್ರ ಅಂದು ಕೊಡಲಿಲ್ಲ. ತಾಯಿ ಸೋಮವಾರ ಶಾಲೆಗೆ ಹೋಗಿ ಐದನೇ ತರಗತಿಯಲ್ಲಿ ಸೀಟಿದೆಯೇ, ಹುಬ್ಬಳ್ಳಿ ಶಾಲೆಯಿಂದ ಟಿ.ಸಿ. ಯಾವಾಗ ತರಬೇಕು ಎಂದು ವಿಚಾರಿಸುವವರೆಗೆ ಮನೆ ತಡೆದಿಡಿ ಎಂದು ಕೇಳಿಕೊಂಡರು. ಮಾಲೀಕರು ಮಂಗಳವಾರದವರೆಗೆ ಎಂದು ಒಪ್ಪಿ, ಗೇಟಿನ ಮೇಲಿದ್ದ ಬೋರ್ಡನ್ನು ತೆಗೆದು ಒಳಗಿಟ್ಟರು.