ಗಣಕಯಂತ್ರದ ಒಡಲೂ ಪ್ರೋಗ್ರಾಮರ ಅರಿವೂ

೧. ವಿಷಯಪ್ರವೇಶ

ಇಪ್ಪತ್ತು ಮೂವತ್ತು ವರ್ಷಗಳ ಕಾಲ ಗಣಕಯಂತ್ರಗಳಿಗೆ ಕ್ರಮವಿಧಿಗಳನ್ನು ಬರೆದು ಆ ಉದ್ಯೋಗದಲ್ಲಿ ನಿಪುಣರೆನಿಸಿಕೊಂಡವರಲ್ಲಿಯೂ ಅನೇಕರು ಯಂತ್ರದ ಒಳರಚನೆಯ ವಿಷಯದಲ್ಲಿ ಅತ್ಯಲ್ಪವಾದ ಜ್ಞಾನವುಳ್ಳವರಾಗಿರುವುದು ಆ ಶಾಸ್ತ್ರದ ಪರಿಚಯವುಳ್ಳವರಿಗೆ ವಿದಿತವೇ ಆಗಿದೆ. ಮೆಮೊರಿಯ ಹಲಗೆಯನ್ನು ಕಿತ್ತು ಜೋಡಿಸಲರಿಯದವರೂ, ಪ್ರೊಸೆಸರು ಒಂದು ಸಂಖ್ಯೆಯನ್ನು ಯಾವ ರೂಪದಲ್ಲಿ ಇಟ್ಟುಕೊಳ್ಳುತ್ತದೆಂಬುದನ್ನು ಎಂದೂ ವಿಚಾರಿಸದವರೂ ದೊಡ್ಡ ದೊಡ್ಡ ಬ್ಯಾಂಕುಗಳ ಲೆಕ್ಕವನ್ನು ನಡೆಸುವ ಕ್ರಮವಿಧಿಗಳನ್ನು ರಚಿಸಿರುವುದುಂಟು. ಹೊರಗಿನವರಿಗೆ ಇದು ಆಶ್ಚರ್ಯಕರವಾಗಿ ತೋರುವುದು ಸಹಜ. ಆದರೆ ವೈಣಿಕನು ವೀಣೆಯನ್ನು ಮಾಡಲರಿಯನೆಂದು ಯಾರೂ ಆಕ್ಷೇಪಿಸುವುದಿಲ್ಲವಷ್ಟೆ. ತಂತಿಯು ಎಷ್ಟು ಬಿಗಿಯನ್ನು ತಡೆದೀತೆಂಬುದನ್ನು ಅರಿಯದವನನ್ನು ಮಾತ್ರ ವೈಣಿಕನೆಂದು ಒಪ್ಪುವುದು ಕಷ್ಟ. ರಚನೆಯ ಜ್ಞಾನವು ಬೇರೆ, ಮಿತಿಯ ಜ್ಞಾನವು ಬೇರೆ. ಮೊದಲನೆಯದಿಲ್ಲದಿರುವುದು ಕ್ಷಮ್ಯವೆಂದೂ, ಎರಡನೆಯದಿಲ್ಲದಿರುವುದು ಹಾನಿಕರವೆಂದೂ, ಆ ಹಾನಿಯು ಕನ್ನಡ ವಾಙ್ಮಯಕ್ಕೂ ತಟ್ಟಿದೆಯೆಂದೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗಣಕದಲ್ಲಿ ಕೈಗೆ ಸಿಕ್ಕುವ ಭೌತಿಕ ಭಾಗವೆಲ್ಲವೂ ಯಂತ್ರಾಂಶವೆನಿಸುವುದು. ಅದನ್ನು ನಡೆಸುವ ಆಜ್ಞೆಗಳ ಸಮುದಾಯವು ತಂತ್ರಾಂಶ. ಒಂದು ಕಾರ್ಯಕ್ಕಾಗಿ ಬರೆದ ಆಜ್ಞಾಪರಂಪರೆಯು ಕ್ರಮವಿಧಿ. ಅದನ್ನು ಬರೆಯುವವನೇ ಪ್ರೋಗ್ರಾಮರ್.

೨. ಅಂತಸ್ತುಗಳ ಬೆಳವಣಿಗೆ

ಆರಂಭದಲ್ಲಿ ಯಂತ್ರವನ್ನು ಕಟ್ಟಿದವನೂ ಕ್ರಮವಿಧಿಯನ್ನು ಬರೆದವನೂ ಒಬ್ಬನೇ ಆಗಿದ್ದನು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ೧೯೪೮ರ ಜೂನ್ ೨೧ರಂದು, ಯಂತ್ರದ ಮೆಮೊರಿಯಲ್ಲಿಯೇ ಸಂಗ್ರಹಿಸಿದ ಕ್ರಮವಿಧಿಯೊಂದು ಪ್ರಥಮತಃ ನಡೆಯಿತು. ಅದನ್ನು ಬರೆದ ಟಾಮ್ ಕಿಲ್‌ಬರ್ನ್ ಆ ಯಂತ್ರವನ್ನು ನಿರ್ಮಿಸಿದವರಲ್ಲಿಯೂ ಒಬ್ಬನು. ಆ ಯಂತ್ರದ ಮೆಮೊರಿಯು ಒಟ್ಟು ೧೦೨೪ ಬಿಟ್‌ಗಳದು, ಎಂದರೆ ಸೊನ್ನೆಯನ್ನೋ ಒಂದನ್ನೋ ಇಡಬಹುದಾದ ೧೦೨೪ ಮನೆಗಳದು. ಪ್ರತಿಯೊಂದು ಮನೆಯ ಲೆಕ್ಕವೂ ಆತನ ತಲೆಯಲ್ಲಿದ್ದಿತು. ಇಲ್ಲದಿದ್ದರೆ ಕೆಲಸವೇ ಸಾಗುತ್ತಿರಲಿಲ್ಲ.

ಬಳಿಕ ಯಂತ್ರಕ್ಕೂ ಮನುಷ್ಯನಿಗೂ ನಡುವೆ ಅಂತಸ್ತುಗಳು ಏಳತೊಡಗಿದುವು. ೧೯೫೭ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವನ ಸಂಗಡಿಗರು ಹೊರತಂದ ಫೋರ್‌ಟ್ರಾನ್ ಎಂಬ ಭಾಷೆಯಲ್ಲಿ ಗಣಿತದ ಸೂತ್ರವನ್ನು ಸೂತ್ರದ ರೂಪದಲ್ಲಿಯೇ ಬರೆಯಬಹುದಾಯಿತು. ಅದನ್ನು ಯಂತ್ರದ ಆಜ್ಞೆಗಳನ್ನಾಗಿ ಪರಿವರ್ತಿಸುವ ಭಾರವು ಮತ್ತೊಂದು ಕ್ರಮವಿಧಿಯ ಮೇಲೆ ಬಿದ್ದಿತು. ೧೯೭೨ರ ಸುಮಾರಿಗೆ ಡೆನಿಸ್ ರಿಚಿಯು ರಚಿಸಿದ ‘ಸಿ’ ಭಾಷೆಯಲ್ಲಿ ಮೆಮೊರಿಯ ವಿಳಾಸಗಳನ್ನು ಇನ್ನೂ ಕಣ್ಣಾರೆ ಕಾಣಬಹುದಾಗಿದ್ದಿತು. ೧೯೯೫ರಲ್ಲಿ ಬಂದ ಜಾವಾ ಭಾಷೆಯಲ್ಲಾದರೋ ಅವೂ ಮರೆಯಾದುವು. ಒಮ್ಮೆ ಬರೆದುದು ಯಾವ ಯಂತ್ರದಲ್ಲಿಯಾದರೂ ನಡೆಯಬೇಕೆಂಬುದೇ ಅದರ ಮೂಲತತ್ತ್ವ. ಆದುದರಿಂದ ಪ್ರೋಗ್ರಾಮರನ ಅಜ್ಞಾನವು ಆಲಸ್ಯದ ಫಲವೆಂದು ತಿಳಿಯಲಾಗದು. ಅವನು ಯಂತ್ರವನ್ನು ಮರೆತು ಕೆಲಸಮಾಡುವಂತಾಗಲೆಂಬುದೇ ಈ ಭಾಷೆಗಳ ಸಂಕಲ್ಪವಾಗಿದ್ದಿತು.

೩. ಕರ್ಣಾಟಕದ ವಿಶೇಷ ಕಾರಣ

ಲೋಕಸಾಮಾನ್ಯವಾದ ಈ ಕಾರಣದೊಡನೆ ನಮ್ಮ ನಾಡಿನಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿತು. ೧೯೭೦ರ ದಶಕದಲ್ಲಿ ಭಾರತಕ್ಕೆ ಗಣಕಯಂತ್ರವನ್ನು ತರಿಸುವುದು ಸುಂಕದಿಂದಲೂ ಪರವಾನಗಿಗಳಿಂದಲೂ ಬಹು ಕಷ್ಟಸಾಧ್ಯವಾಗಿದ್ದಿತು; ೧೯೭೮ರಲ್ಲಿ ಐಬಿಎಂ ಸಂಸ್ಥೆಯೂ ದೇಶವನ್ನು ಬಿಟ್ಟು ಹೋಯಿತು. ಯಂತ್ರವು ದುರ್ಲಭವಾಗಿದ್ದಾಗ ಜನರ ಬುದ್ಧಿಶಕ್ತಿಯು ಮಾತ್ರ ಸುಲಭವಾಗಿದ್ದಿತು. ೧೯೮೧ರಲ್ಲಿ ಪುಣೆಯಲ್ಲಿ ಹುಟ್ಟಿ ೧೯೮೩ರಲ್ಲಿ ಬೆಂಗಳೂರಿಗೆ ಬಂದ ಇನ್‌ಫೋಸಿಸ್ ಸಂಸ್ಥೆಯು ತನ್ನದೆಂಬ ಯಂತ್ರವಿಲ್ಲದೆಯೇ ಕೆಲಸವನ್ನು ಆರಂಭಿಸಿತು. ೧೯೮೪ರ ನೀತಿಯಿಂದ ಸುಂಕವು ಇಳಿಯಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕವನ್ನು ಕಲ್ಪಿಸಿಕೊಂಡಿತು. ಬರಬರುತ್ತ ಇಂತಹ ಸಂಪರ್ಕಗಳು ಹೆಚ್ಚಿದಂತೆ, ಸಾಗರದಾಚೆಯ ಯಂತ್ರಕ್ಕೆ ಇಲ್ಲಿಂದ ಆಜ್ಞೆಗಳನ್ನು ಬರೆಯುವ ಪದ್ಧತಿಯು ನೆಲೆಗೊಂಡಿತು.

ಇದರ ಪರಾಕಾಷ್ಠೆಯು ೨೦೦೦ನೆಯ ಇಸವಿಯ ಸಮಸ್ಯೆಯಲ್ಲಿ ಕಂಡುಬಂದಿತು. ಎಂಬತ್ತು ಕಂಬಸಾಲುಗಳ ರಂಧ್ರಪತ್ರಗಳೂ ದುಬಾರಿಯಾದ ಮೆಮೊರಿಯೂ ಇದ್ದ ಕಾಲದಲ್ಲಿ ಇಸವಿಯನ್ನು ಕಡೆಯ ಎರಡು ಅಂಕಿಗಳಿಂದಲೇ ಸೂಚಿಸುವುದು ರೂಢಿಯಾಗಿದ್ದಿತು. ಶತಮಾನವು ತಿರುಗಿದಾಗ ‘೦೦’ ಎಂಬುದು ೧೯೦೦ ಆಗಿಬಿಡುವ ಭಯವುಂಟಾಯಿತು. ೧೯೯೦ರ ದಶಕದ ಉತ್ತರಾರ್ಧದಲ್ಲಿ ಈ ಕ್ರಮವಿಧಿಗಳನ್ನು ತಿದ್ದುವ ಕಾರ್ಯವು ಬೆಂಗಳೂರಿಗೆ ಹೇರಳವಾಗಿ ಬಂದಿತು. ಹಳೆಯ ಯಂತ್ರಾಂಶದ ಬಡತನದಿಂದ ಹುಟ್ಟಿದ ದೋಷವನ್ನು, ಆ ಯಂತ್ರವನ್ನು ಕಣ್ಣಿನಿಂದಲೂ ಕಾಣದ ಕಿರಿಯರು ತಿದ್ದಿಕೊಟ್ಟರು. ಅಂದು ವೃತ್ತಿಗೆ ಸೇರಿದವರೇ ಇಂದಿನ ಹಿರಿಯರು. ಕರ್ಣಾಟಕದಲ್ಲಿ ಯಂತ್ರಾಂಶದ ವಿದ್ಯೆಯೇ ಇರಲಿಲ್ಲವೆಂದು ಇದರಿಂದ ಭಾವಿಸಲಾಗದು. ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ, ೨೦೦೧ರ ಸುಮಾರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಇತರರೊಡಗೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕವೂ ಇದಕ್ಕೆ ಸಾಕ್ಷಿ. ಎರಡು ವಿದ್ಯೆಗಳೂ ಒಂದೇ ಊರಿನಲ್ಲಿದ್ದರೂ ಬೇರೆ ಬೇರೆ ಬೀದಿಗಳಲ್ಲಿ ಬೆಳೆದುವೆಂಬುದಷ್ಟೇ ನಮ್ಮ ಅಭಿಪ್ರಾಯ.

೪. ಪೂರ್ವಪಕ್ಷವೂ ಸಮಾಧಾನವೂ

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಕೆಲಸವು ನಿರ್ವಿಘ್ನವಾಗಿ ಸಾಗಿರುವಾಗ ಯಂತ್ರಜ್ಞಾನದ ಅವಶ್ಯಕತೆಯೇನು? ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಸೀಮೆಯಲ್ಲಿ ಭದ್ರಾ ನಾಲೆಯ ನೀರಿನಿಂದ ಭತ್ತವನ್ನು ಬೆಳೆಯುವ ರೈತನು ಲಕ್ಕವಳ್ಳಿಯ ಅಣೆಕಟ್ಟೆಯ ಬಾಗಿಲುಗಳು ಹೇಗೆ ಏಳುತ್ತವೆಂಬುದನ್ನು ಅರಿಯಬೇಕೇ? ತನ್ನ ಗದ್ದೆಯ ತೂಬೂ ತನ್ನ ಸರದಿಯೂ ತಿಳಿದಿದ್ದರೆ ಸಾಲದೇ?

ಈ ದೃಷ್ಟಾಂತವೇ ಸಮಾಧಾನವನ್ನೂ ಒದಗಿಸುತ್ತದೆ. ಆ ರೈತನಿಗೆ ಬಾಗಿಲಿನ ರಚನೆಯು ತಿಳಿಯದಿರಬಹುದು. ಆದರೆ ಜಲಾಶಯದ ಪೂರ್ಣಮಟ್ಟವು ೧೮೬ ಅಡಿಯೆಂಬುದು ತಿಳಿದಿದೆ. ಮಳೆಗಾಲದಲ್ಲಿ ನೀರು ಎಷ್ಟು ಅಡಿಗೆ ಬಂದಿತೆಂದು ಅವನು ವಿಚಾರಿಸುತ್ತಲೇ ಇರುತ್ತಾನೆ. ನಾಲೆಯ ಕೊನೆಯ ಭಾಗದವರಂತೂ ಇನ್ನೂ ಹೆಚ್ಚು ಆತಂಕದಿಂದ ವಿಚಾರಿಸುತ್ತಾರೆ. ಬೇಸಗೆಯ ಬೆಳೆಗೆ ನೀರು ಸಾಲದಿದ್ದರೆ ಬಿತ್ತನೆಯನ್ನೇ ಬದಲಾಯಿಸಬೇಕೆಂಬುದು ಅವನಿಗೆ ಗೊತ್ತು. ಅವನು ರಚನೆಯನ್ನರಿಯನು, ಮಿತಿಯನ್ನು ಬಲ್ಲನು. ಪ್ರೋಗ್ರಾಮರನಿಗೂ ಬೇಕಾದುದು ಈ ಬಗೆಯ ಜ್ಞಾನವೇ.

ಯಂತ್ರದ ಮಿತಿಗಳು ಮೇಲಿನ ಅಂತಸ್ತಿಗೆ ಸೋರುವ ಸ್ಥಳಗಳನ್ನು ಕೆಲವು ನಿದರ್ಶನಗಳಿಂದ ತಿಳಿಯಬಹುದು. ಮೊದಲನೆಯದು ಭಿನ್ನರಾಶಿಯ ವಿಷಯ. ಯಂತ್ರವು ಎರಡರ ಘಾತಗಳಲ್ಲಿ ಎಣಿಸುವುದರಿಂದ ಹತ್ತನೆಯ ಒಂದು ಭಾಗವು ಅದಕ್ಕೆ ಎಂದಿಗೂ ಪೂರ್ಣವಾಗಿ ದಕ್ಕುವುದಿಲ್ಲ. ಮೂರನೆಯ ಒಂದು ಭಾಗವು ನಮ್ಮ ದಶಮಾಂಶದಲ್ಲಿ ಮುಗಿಯದಿರುವಂತೆ ಇದೂ ಮುಗಿಯದು. ಸಾಮಾನ್ಯವಾದ ಗಣನೆಯಲ್ಲಿ ೦.೧ಕ್ಕೆ ೦.೨ನ್ನು ಕೂಡಿಸಿ ಅದು ೦.೩ಕ್ಕೆ ಸಮವೇ ಎಂದು ಕೇಳಿದರೆ ಯಂತ್ರವು ಅಲ್ಲವೆನ್ನುತ್ತದೆ. ಇದನ್ನು ಬಲ್ಲವರು ಹಣದ ಲೆಕ್ಕವನ್ನು ರೂಪಾಯಿಯ ಭಿನ್ನಗಳಲ್ಲಿಡದೆ ಪೈಸೆಗಳ ಪೂರ್ಣಸಂಖ್ಯೆಯಲ್ಲಿಡುತ್ತಾರೆ.

ಎರಡನೆಯದು ಸಂಖ್ಯೆಯ ಅಗಲ. ೧೯೯೬ರ ಜೂನ್ ೪ರಂದು ಯೂರೋಪಿನ ಏರಿಯಾನ್ ೫ ಎಂಬ ರಾಕೆಟ್ಟು ಹಾರಿದ ಸುಮಾರು ೪೦ ಸೆಕೆಂಡುಗಳಲ್ಲಿ ಸಿಡಿದು ನಾಶವಾಯಿತು. ಹಿಂದಿನ ಏರಿಯಾನ್ ೪ರಿಂದ ತೆಗೆದುಕೊಂಡ ಕ್ರಮವಿಧಿಯು ವೇಗಸಂಬಂಧವಾದ ಒಂದು ಮೌಲ್ಯವನ್ನು ೧೬ ಬಿಟ್‌ಗಳ ಮನೆಯಲ್ಲಿಡಲು ಯತ್ನಿಸಿತು. ಆ ಮನೆಯಲ್ಲಿ ಹಿಡಿಯುವ ಅತ್ಯಧಿಕ ಸಂಖ್ಯೆಯು ೩೨,೭೬೭. ಹೊಸ ರಾಕೆಟ್ಟಿನ ವೇಗವು ಅದನ್ನು ಮೀರಿದ್ದಿತು. ಹಳೆಯ ರಾಕೆಟ್ಟಿನಲ್ಲಿ ನಿರಪಾಯವಾಗಿದ್ದ ಆಜ್ಞೆಯೇ ಹೊಸದರಲ್ಲಿ ಮಾರಕವಾಯಿತು.

ಮೂರನೆಯದು ಯಂತ್ರವೇ ತಪ್ಪುವ ಸಂದರ್ಭ. ೧೯೯೪ರಲ್ಲಿ ವರ್ಜೀನಿಯದ ಗಣಿತಾಧ್ಯಾಪಕರಾದ ಥಾಮಸ್ ನೈಸ್ಲಿ ಎಂಬವರು ಅವಳಿ ಅವಿಭಾಜ್ಯ ಸಂಖ್ಯೆಗಳ ವಿಲೋಮಗಳನ್ನು ಕೂಡಿಸುತ್ತಿದ್ದಾಗ ಉತ್ತರಗಳು ಹೊಂದಲಿಲ್ಲ. ತಮ್ಮ ಕ್ರಮವಿಧಿ, ಭಾಷಾಪರಿವರ್ತಕ, ಯಂತ್ರದ ಇತರ ಅಂಗಗಳು ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ದೋಷವು ಪೆಂಟಿಯಂ ಪ್ರೊಸೆಸರಿನ ಭಾಗಾಕಾರದಲ್ಲಿಯೇ ಇದೆಯೆಂದು ಅವರು ನಿರ್ಣಯಿಸಿದರು. ಭಾಗಾಕಾರಕ್ಕಾಗಿ ಬಿಲ್ಲೆಯೊಳಗಿಟ್ಟಿದ್ದ ಕೋಷ್ಟಕದಲ್ಲಿ ಐದು ಮೌಲ್ಯಗಳು ಬಿಟ್ಟುಹೋಗಿದ್ದುವು. ಯಂತ್ರವನ್ನೂ ಸಂಶಯಿಸಬಹುದೆಂಬ ಅರಿವಿಲ್ಲದವನು ತನ್ನ ನಿರ್ದೋಷವಾದ ಕ್ರಮವಿಧಿಯನ್ನೇ ತಿದ್ದುತ್ತ ಕಾಲವನ್ನು ಕಳೆಯುತ್ತಿದ್ದನು.

೫. ಕನ್ನಡ ಲಿಪಿಗೆ ಬಂದ ಪೆಟ್ಟು

ಇನ್ನು ನಮ್ಮ ವಾಚಕರಿಗೆ ಸಮೀಪವಾದ ವಿಷಯಕ್ಕೆ ಬರಬಹುದು. ೧೯೬೪ರಲ್ಲಿ ಐಬಿಎಂ ಸಂಸ್ಥೆಯು ಪ್ರಕಟಿಸಿದ ೩೬೦ ಎಂಬ ಯಂತ್ರಶ್ರೇಣಿಯಿಂದ ಮೊದಲ್ಗೊಂಡು ಎಂಟು ಬಿಟ್‌ಗಳ ‘ಬೈಟ್’ ಎಂಬುದು ಮೆಮೊರಿಯ ಅಳತೆಗೋಲಾಗಿ ಬಳಕೆಗೆ ಬಂದಿತು. ಒಂದು ಬೈಟಿನಲ್ಲಿ ೨೫೬ ಭೇದಗಳು ಮಾತ್ರ ಸಾಧ್ಯ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ ಇದು ಧಾರಾಳವಾಯಿತು. ಕನ್ನಡದಲ್ಲಾದರೋ ಗುಣಿತಾಕ್ಷರಗಳೂ ಒತ್ತಕ್ಷರಗಳೂ ಸೇರಿ ಆಕಾರಗಳು ಬಹಳ; ೨೫೬ ಸ್ಥಾನಗಳಲ್ಲಿ ಕೆಲವು ಇತರ ಕಾರ್ಯಗಳಿಗೆ ಮೀಸಲೂ ಆಗಿದ್ದುವು. ಆದುದರಿಂದ ೧೯೯೦ರ ದಶಕದ ಅನೇಕ ಕನ್ನಡ ತಂತ್ರಾಂಶಗಳಲ್ಲಿ ಅಕ್ಷರಗಳನ್ನು ತುಂಡುಗಳನ್ನಾಗಿ ಒಡೆದು, ಪ್ರತಿಯೊಂದು ತುಂಡಿಗೂ ಒಂದು ಸಂಖ್ಯೆಯನ್ನು ಕೊಟ್ಟರು. ಹೀಗೆ ಯಂತ್ರದಲ್ಲಿ ಸಂಗ್ರಹವಾದುದು ವರ್ಣಮಾಲೆಯಲ್ಲ, ಅಚ್ಚುಮೊಳೆಗಳ ಪೆಟ್ಟಿಗೆ. ಅದೂ ಒಬ್ಬೊಬ್ಬರ ಪೆಟ್ಟಿಗೆಯ ಕ್ರಮವು ಒಂದೊಂದು ಬಗೆ.

ಇದರ ಪರಿಣಾಮವನ್ನು ‘ಸೂರ್ಯ’ ಎಂಬ ಶಬ್ದದಿಂದ ತಿಳಿಯಬಹುದು. ಉಚ್ಚಾರಣೆಯಲ್ಲಿ ರೇಫವು ಯಕಾರಕ್ಕಿಂತ ಮೊದಲು. ಬರವಣಿಗೆಯಲ್ಲಿ ಅರ್ಕಾವೊತ್ತು ಯಕಾರದ ಅನಂತರ. ಆಕಾರಗಳನ್ನೇ ಸಂಗ್ರಹಿಸಿದ ಗಣಕದಲ್ಲಿ ‘ಸೂ’, ‘ಯ’, ಕಡೆಗೆ ಅರ್ಕಾವೊತ್ತು ಎಂಬ ಅನುಕ್ರಮವಿರುತ್ತದೆ. ಅಕಾರಾದಿಯಾಗಿ ಜೋಡಿಸೆಂದರೆ ಆ ಶಬ್ದವು ರಕಾರದ ಸ್ಥಾನವನ್ನು ಬಿಟ್ಟು ಬೇರೆಲ್ಲಿಯೋ ಹೋಗುತ್ತದೆ. ಪದಸೂಚಿಯನ್ನು ಸಿದ್ಧಪಡಿಸುವವರಿಗೂ ನಿಘಂಟುಕಾರರಿಗೂ ಇದು ಎಂತಹ ಅನರ್ಥವೆಂಬುದನ್ನು ವಿವರಿಸಬೇಕಾಗಿಲ್ಲ. ತೆರೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತಿದ್ದುದರಿಂದ ಸಂಗ್ರಹವೂ ಸರಿಯಾಗಿಯೇ ಇದೆಯೆಂದು ನಂಬಿದವರು ಬಹುಮಂದಿ. ಹೀಗೆ ಸಿದ್ಧವಾದ ಕಡತಗಳು ಆಯಾ ಫಾಂಟು ಇಲ್ಲದೆಡೆಯಲ್ಲಿ ತೆರೆದರೆ ಅರ್ಥಹೀನವಾದ ಚಿಹ್ನೆಗಳ ರಾಶಿಯಾಗುತ್ತವೆ.

ಕೆಳಗಿನ ಅಂತಸ್ತುಗಳನ್ನು ಬಲ್ಲವರು ಬೇರೆ ದಾರಿಯನ್ನು ತೋರಿಸಿದರು. ಮುದ್ರಣದ ಅಕ್ಷರಜೋಡಣೆಯ ಯಂತ್ರಗಳನ್ನು ಚೆನ್ನಾಗಿ ಬಲ್ಲ ಕಿನ್ನಿಕಂಬಳ ಪದ್ಮನಾಭ ರಾವ್ ಅವರು, ಆಕಾರವನ್ನಲ್ಲದೆ ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣಾರ್ಥವಾಗಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳು ದೊರೆತುವು. ಇದರಲ್ಲಿ ‘ಕ’ಕಾರದ ಸಂಖ್ಯೆ ೩೨೨೧, ‘ಕ್ಷ’ ಎಂಬುದು ೩೨೨೧, ೩೨೭೭, ೩೨೫೫ ಎಂದರೆ ಕಕಾರ, ಹಲಂತಚಿಹ್ನೆ, ಷಕಾರ. ಒತ್ತಕ್ಷರವು ಸಂಯುಕ್ತವೆಂಬ ವೈಯಾಕರಣರ ಮತವೇ ಇಲ್ಲಿ ಅಂಗೀಕೃತವಾಗಿದೆ.

ಆದರೂ ಮಿತಿಯು ಮಾಯವಾಗಲಿಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಸಂಗ್ರಹಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಖ್ಯೆಗೂ ಮೂರು ಬೈಟುಗಳು ಬೇಕು. ‘ಲಕ್ಷ್ಮೀನಾರಾಯಣ’ ಎಂಬ ಹೆಸರು ಛಂದಸ್ಸಿನ ದೃಷ್ಟಿಯಿಂದ ಆರು ಅಕ್ಷರ; ಯೂನಿಕೋಡಿನಲ್ಲಿ ಹದಿಮೂರು ಸಂಕೇತ; ಮೆಮೊರಿಯಲ್ಲಿ ೩೯ ಬೈಟು. ಒಂದು ಅಕ್ಷರಕ್ಕೆ ಒಂದೇ ಬೈಟೆಂದು ಭಾವಿಸಿ ಹೆಸರಿಗೆ ಮೂವತ್ತು ಬೈಟುಗಳನ್ನಿಟ್ಟ ಪ್ರೋಗ್ರಾಮರನ ಪಟ್ಟಿಯಲ್ಲಿ ಆ ಮಹಾಶಯರು ‘ಲಕ್ಷ್ಮೀನಾರ’ ಎಂದು ತುಂಡಾಗಿ ನಿಲ್ಲುತ್ತಾರೆ. ಅನುಭವವು ಎಷ್ಟು ವರ್ಷಗಳದಾದರೂ ಇಂಗ್ಲಿಷಿನಲ್ಲಿಯೇ ಕಳೆದಿದ್ದರೆ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

೬. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಪ್ರೋಗ್ರಾಮರು ಯಂತ್ರವನ್ನು ಕಟ್ಟಲರಿಯದಿರುವುದು ವಿದ್ಯೆಯ ವಿಭಜನೆಯಿಂದ ಬಂದುದು, ಅದನ್ನು ಹೀನವೆಂದೆಣಿಸಲಾಗದು. ಆದರೆ ತನ್ನ ಸಂಖ್ಯೆಯು ಎಷ್ಟು ಅಗಲದ ಮನೆಯಲ್ಲಿದೆ, ತನ್ನ ಅಕ್ಷರವು ಯಾವ ಸಂಕೇತದಲ್ಲಿದೆ, ಕೆಳಗಿನ ಅಂತಸ್ತು ತಪ್ಪಿದರೆ ಅದರ ಗುರುತೇನು ಎಂಬ ಮೂರನ್ನು ಅವನು ತಿಳಿದಿರಲೇಬೇಕು. ತಾಂತ್ರಿಕ ಕಾಲೇಜುಗಳಲ್ಲಿ ಯಂತ್ರರಚನೆಯ ಪಾಠವು ಪರೀಕ್ಷೆಯೊಡನೆಯೇ ಮರೆತುಹೋಗುವುದಕ್ಕೆ ಬದಲಾಗಿ, ಈ ಮಿತಿಗಳ ಮೂಲಕ ಅದನ್ನು ಬೋಧಿಸಿದರೆ ಹೆಚ್ಚು ಫಲವುಂಟಾದೀತು.

ಸಾಹಿತ್ಯೋಪಾಧ್ಯಾಯರಿಗೂ ಸಂಪಾದಕರಿಗೂ ಇದರಲ್ಲಿ ಒಂದು ಕರ್ತವ್ಯವಿದೆ. ಓಲೆಗರಿಯ ಗ್ರಂಥವನ್ನು ಸಂಪಾದಿಸುವವನು ಕವಿಯನ್ನು ಬಲ್ಲವನಾದರೆ ಸಾಲದು. ಗರಿಯ ಲೋಪ, ಹುಳುವಿನ ರಂಧ್ರ, ಲಿಪಿಕಾರನ ಅಭ್ಯಾಸ ಇವನ್ನೂ ಬಲ್ಲವನಾಗಿರಬೇಕೆಂಬುದು ಸರ್ವಸಮ್ಮತ. ಗಣಕದ ಕಡತವೂ ಒಂದು ಓಲೆಯೇ. ೧೯೯೦ರ ದಶಕದಲ್ಲಿಯೂ ಆಮೇಲೆಯೂ ಫಾಂಟಿನ ಸಂಕೇತಗಳಲ್ಲಿ ಸಿದ್ಧವಾದ ಪಾಠಗಳು ಯಾರ ಬಳಿಯಲ್ಲಾದರೂ ಇದ್ದರೆ, ಅವು ಯಾವ ತಂತ್ರಾಂಶದವೆಂಬುದನ್ನು ಗುರುತುಹಾಕಿಟ್ಟು, ಆ ಫಾಂಟನ್ನೂ ಮೂಲದ ಪ್ರತಿಯನ್ನೂ ಜೊತೆಯಲ್ಲಿ ಕಾಪಾಡಿ, ಯೂನಿಕೋಡಿಗೆ ಪರಿವರ್ತಿಸಿಕೊಂಡು, ಅರ್ಕಾವೊತ್ತು ಮತ್ತು ಒತ್ತಕ್ಷರಗಳಿರುವೆಡೆಗಳನ್ನು ಅಚ್ಚಾದ ಪುಸ್ತಕದೊಡನೆ ಸಾಲುಸಾಲಾಗಿ ಹೋಲಿಸಿ ನೋಡಬೇಕು. ಆ ಫಾಂಟುಗಳನ್ನು ತೆರೆಯಬಲ್ಲ ಯಂತ್ರಗಳೂ ಅವುಗಳ ಕ್ರಮವನ್ನು ಬಲ್ಲ ಜನರೂ ಇನ್ನೂ ದೊರೆಯುತ್ತಿರುವಾಗಲೇ ಈ ಕಾರ್ಯವು ನಡೆಯತಕ್ಕದ್ದು.